ಅರ್ಧಕ್ಕೆ ನಿಂತ ಸಂಧಿ

ಎಡಗೆನ್ನೆಯೊಳಗೆ ಪುನರ್ಪುಳಿ ಹಣ್ಣಿನ ಹುಳಿಹುಳಿ ಕೆಂಪು ಒಣ ಸಿಪ್ಪೆಯೊಂದನ್ನು ಅಡಗಿಸಿಕೊಂಡು ಚಂಪಾ ಬಲ್ಮಠದ ಆಸ್ಪತ್ರೆಯ ಲ್ಯಾಬಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಕೈಯಲ್ಲಿ ಗೆರೆ ಹಾಕಿದ ಪ್ಲಾಸ್ಟಿಕ್ ಕೊಳವೆ, ಅದರ ಅಂಚಿಗೆ ಅವಳ ಕೆಳತುಟಿ. ಜೊಲ್ಲು ತಾನಾಗಿ ಇಳಿದು ಅದರಲ್ಲಿ ಸೇರಬೇಕು. ಕಾಲು ಗಂಟೆಯಲ್ಲಿ ಎಷ್ಟು ಸೇರಿತೆಂದು ನೋಡುವುದೇ ಪರೀಕ್ಷೆ.

"ಆಂಟಿ, ನುಂಗಬೇಡಿ, ಮಾತಾಡಬೇಡಿ. ಬಂದದ್ದು ಹಾಗೇ ಇಳೀಲಿ," ಎಂದಿದ್ದ ಲ್ಯಾಬಿನ ಎಲ್ರೊಯ್. "ನನ್ನ ಹೆಂಡ್ತಿಗೆ ಈ ಟೆಸ್ಟ್ ಮಾಡ್ಲಿಕ್ಕೇ ಆಗ್ಲಿಕ್ಕಿಲ್ಲ. ಕಾಲು ಗಂಟೆ ಸುಮ್ಮನೆ ಕೂರಬೇಕಲ್ಲ, ಮಾರಾಯ್ರೆ!"

ಚಂಪಾಳಿಗೆ ನಗು ಬರಲಿಲ್ಲ. ಏನನ್ನೂ ತಿನ್ನಬಾರದು, ಕುಡಿಯಬಾರದು, ಜಗಿಯಬಾರದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ಸಿಪ್ಪೆ ತಿನ್ನುವ ವಸ್ತುವೇ? ಏಕಾದಶಿಯ ನಿರಾಹಾರದಲ್ಲೂ ಮಾವನ ಕೆನ್ನೆಯಲ್ಲಿ ಈ ಸಿಪ್ಪೆ ಇರುತ್ತಿತ್ತು. ಅದರಿಂದ ಉಪವಾಸ ಮುರಿಯಿತೆಂದು ಯಾರೂ ಹೇಳಿದ್ದಿಲ್ಲ. ದೇವರೇ ಊಟವೆಂದು ಎಣಿಸದ್ದನ್ನು ಡಾಕ್ಟರು ಎಣಿಸಬೇಕೇ? ಹೀಗೆ ಬೆಳಗಿನಿಂದ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡಷ್ಟೂ ಎದೆ ಹೊಡೆದುಕೊಳ್ಳುತ್ತಿತ್ತು.

ಮಳೆಗಾಲದ ಸೋಣ ತಿಂಗಳು ಎದುರಿಗೇ ಇತ್ತು. ಅವಳ ಊರು ಕುಲಶೇಖರದ ಭಜನಾ ಮಂದಿರದಲ್ಲಿ ಆ ತಿಂಗಳಿಡೀ ಸಂಜೆ ಪುರಾಣ ಓದುವ ಕ್ರಮ. ಹಳೆಯ ಷಟ್ಪದಿಗಳನ್ನು ರಾಗವಾಗಿ ಓದಬೇಕು. ಮಾವ ಇದ್ದಷ್ಟು ಕಾಲ ಅವರೇ ಓದಿದರು. ಮದುವೆಯಾಗಿ ಬಂದ ಹೊಸತರಲ್ಲಿ ಚಂಪಾ ಮಂದಿರದ ಹಿಂಬದಿಯ ಜಗಲಿಯಲ್ಲಿ ದೀಪ ಬೆಳಗಿಸುತ್ತ, ಬತ್ತಿ ಹೊಸೆಯುತ್ತ ಅದನ್ನು ಕೇಳಿದವಳು. ಪುಸ್ತಕ ಕಣ್ಣಿಗೆ ಬೀಳುವ ಮೊದಲೇ ಪದ್ಯ ಕಿವಿಯಿಂದ ಒಳಗಿಳಿದು ಕೂತಿತ್ತು. ಮಾವ ಹೋದ ಮೇಲೆ ಓದುವವರಿಲ್ಲದೆ ಪೀಠ ಖಾಲಿ ಉಳಿದಾಗ, ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಅವಳೇ ಮಣೆಯ ಮೇಲೆ ಕೂತಳು. ಮೊದಲ ವರ್ಷ ಗೊಣಗಿದವರು ಎರಡನೇ ವರ್ಷ ಕಣ್ಣು ಮುಚ್ಚಿ ಕೇಳಿದರು. ಆ ತಿಂಗಳಿಗಾಗಿಯೇ ಅವಳು ಉಳಿದ ಹನ್ನೊಂದು ತಿಂಗಳು ಅನ್ನ ಬೇಯಿಸುತ್ತಾಳೆಂದು ಗಂಡ ದುಗ್ಗಪ್ಪ ತಮಾಷೆ ಮಾಡುವುದಿತ್ತು.

ಈಗ ಬಾಯಿ ಒಣಗಿತ್ತು. ನಿನ್ನೆ ಮೊನ್ನೆಯಿಂದಲ್ಲ, ಹೋದ ವರ್ಷದಿಂದಲೇ. ಮೊದಲು ಒಣ ಚಪಾತಿ ಗಂಟಲಲ್ಲಿ ಇಳಿಯದಾಯಿತು. ಆಮೇಲೆ ನಾಲಿಗೆ ಅಂಗುಳಕ್ಕೆ ಅಂಟತೊಡಗಿತು. ಕಣ್ಣಲ್ಲಿ ಮರಳು ಬಿದ್ದ ಹಾಗೆ. ಕಿವಿಯ ಕೆಳಗೆ ದವಡೆಯ ಮೇಲೆ ಒಂದು ಬಾವು, ಬರುವುದು, ಹೋಗುವುದು. ಮಗಳು ಪ್ರಣೀತಾ ಬಲ್ಮಠದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ತಾಯಿಯ ಕಣ್ಣು ಕೆಂಪಾಗಿದ್ದನ್ನು ಕಂಡು, ಬಾಯಿಯ ಸಂಗತಿಯನ್ನೂ ಕೆದಕಿ ಕೇಳಿ, ಎಳೆದುಕೊಂಡೇ ಬಂದಿದ್ದಳು. ಜೊಲ್ಲು ಇಲ್ಲವೆಂದು ಕಾಗದದಲ್ಲಿ ಬಂತೋ, ಈ ವರ್ಷ ಪೀಠಕ್ಕೆ ಕಾಲಿಡಲು ಮಗಳು ಬಿಡುವುದಿಲ್ಲ. ಒಂದು ವರ್ಷ ಬಿಟ್ಟ ಪೀಠ ಮತ್ತೆ ಸಿಗುವುದೂ ಇಲ್ಲ. ಚಂಪಾಳ ಹೆದರಿಕೆ ಅಷ್ಟೇ ಇತ್ತು, ಅದೇ ಅವಳಿಗೆ ಎಲ್ಲವೂ ಆಗಿತ್ತು.

ಸಿಪ್ಪೆಯ ಹುಳಿಗೆ ಎಲ್ಲಿಂದಲೋ ನೀರೂರಿತು. ಕೊಳವೆಯಲ್ಲಿ ಬೇಕಾದಷ್ಟು ಸೇರಿತು. ಎಲ್ರೊಯ್ ಅದನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ.

"ಇದೆಂತ, ಸ್ವಲ್ಪ ಕೆಂಪುಂಟಲ್ಲ ಆಂಟಿ? ವಸಡಿಂದ ರಕ್ತ ಬರ್ತದಾ?"

ಚಂಪಾಳ ಕಿವಿ ಬಿಸಿಯಾಯಿತು. "ಹೌದು," ಎಂದಳು. "ಒಮ್ಮೊಮ್ಮೆ ಬರ್ತದೆ."

ಅವನು ಬರೆದುಕೊಂಡ. ದೇವರ ಪುಸ್ತಕ ಓದುವ ಬಾಯಿಂದ ಎಷ್ಟು ಸಲೀಸಾಗಿ ಸುಳ್ಳು ಬಂತಲ್ಲ ಎಂದು ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಡಾಕ್ಟರ್ ಸುಹೈಲಾ ಕಾಗದ ನೋಡಿ ತಲೆಯಾಡಿಸಿದರು. "ಜೊಲ್ಲು ಸಾಕಷ್ಟು ಉಂಟು. ಹಾಗಾದ್ರೆ ಈ ಬಾವು ಗ್ರಂಥಿಯಲ್ಲಿ ಕಲ್ಲು ಸಿಕ್ಕಿದ್ದೂ ಇರಬಹುದು. ರಕ್ತವನ್ನು ಹೊರಗಿನ ಲ್ಯಾಬಿಗೆ ಕಳಿಸಿದ್ದೇವೆ, ರಿಪೋರ್ಟು ಬರ್ಲಿಕ್ಕೆ ಮೂರ್ನಾಲ್ಕು ವಾರ ಹಿಡೀತದೆ. ಅದು ಬಂದ ಮೇಲೆ ನೋಡುವ. ಅಷ್ಟರೊಳಗೆ ಜ್ವರ ಬಂದ್ರೆ, ಬಾವು ದೊಡ್ಡದಾದ್ರೆ ಕಾಯಬೇಡಿ, ಕೂಡಲೇ ಬನ್ನಿ."

ಮನೆಗೆ ಹಿಂದಿರುಗುವಾಗ ನಂತೂರಿನಲ್ಲಿ ಲಾರಿಗಳ ಸಾಲಿನ ನಡುವೆ ಬಸ್ಸು ನಿಂತೇ ಬಿಟ್ಟಿತು. ಪ್ರಣೀತಾ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಖುಷಿಯಾಯ್ತಾ? ಓದ್ಲಿಕ್ಕೆ ಲೈಸೆನ್ಸು ಸಿಕ್ಕಿತಲ್ಲ."

"ಎಂತ ಲೈಸೆನ್ಸು? ನನಗೇನೂ ಆಗಿಲ್ಲ ಅಂತ ನಾನು ಮೊದಲೇ ಹೇಳಿಲ್ವಾ?"

"ಹೇಳಿದ್ದೀ. ನಿನ್ನೆ ರಾತ್ರಿ ಅನ್ನಕ್ಕೆ ಮೂರು ಲೋಟ ನೀರು ಹಾಕಿಕೊಂಡು ನುಂಗಿದ್ದನ್ನೂ ನಾನು ನೋಡಿದ್ದೇನೆ ಅಮ್ಮ."

ಚಂಪಾ ಕಿಟಕಿಯ ಹೊರಗೆ ನೋಡಿದಳು. ಲಾರಿಯ ಹೊಗೆಗೆ ಕಣ್ಣು ಉರಿಯಿತು. ಒರೆಸಿಕೊಳ್ಳಲು ಹನಿ ನೀರು ಬರಲಿಲ್ಲ.

* * *

ಆ ಪೀಠಕ್ಕೆ ಎರಡು ಕಟ್ಟಳೆಗಳಿದ್ದವು. ಪುಸ್ತಕ ತೆರೆದ ಮೇಲೆ ಮಂಗಳ ಹಾಡುವ ತನಕ ಓದುವವರು ನೀರು ಕುಡಿಯುವಂತಿಲ್ಲ. ಲೋಟ ತುಟಿಗೆ ತಾಗಿದರೆ ಎಂಜಲು, ಆ ಲೋಟ ಹಿಡಿದ ಕೈಯಿಂದ ಹಾಳೆ ಮಗುಚಿದರೆ ಪುಸ್ತಕಕ್ಕೂ ಎಂಜಲು. ತೆರೆಯುವ ಮೊದಲು ಬಾಯಿಗೆ ಹೋದದ್ದಕ್ಕೆ ದೋಷವಿಲ್ಲ. ಅದಕ್ಕೇ ಮಾವ ಸಿಪ್ಪೆಯ ದಾರಿ ಹುಡುಕಿಕೊಂಡದ್ದು. ಇನ್ನೊಂದು ಕಟ್ಟಳೆ ಕುಲನಾಶದ ಸಂಧಿಯದ್ದು. ಆ ಸಂಧಿಯನ್ನು ಹಿಡಿದರೆ ಅದೇ ಸಂಜೆ ದಾಟಬೇಕು. ಸಾವುಗಳನ್ನೆಲ್ಲ ಓದಿ, ಕೊನೆಯಲ್ಲಿರುವ ಶುಭದ ಪದ್ಯ ಮುಟ್ಟಿದ ಮೇಲೆಯೇ ಪುಸ್ತಕ ಮುಚ್ಚಬೇಕು. ನಡುವೆ ಬಿಟ್ಟರೆ ಆ ನಾಶ ಓದುವವರ ಬೆನ್ನು ಹಿಡಿದು ಮನೆಗೆ ಬರುತ್ತದೆಂದು ಮಾವ ಹೇಳಿದ್ದರು. ಹೇಳುವಾಗ ಅವರು ನಗುತ್ತಿರಲಿಲ್ಲ.

ಸೋಣದ ಮೊದಲ ವಾರಗಳನ್ನು ಚಂಪಾ ಹೇಗೋ ದಾಟಿಸಿದಳು. ಒಂದು ಸಿಪ್ಪೆಯ ಜಾಗದಲ್ಲಿ ಎರಡಾಯಿತು. ಹುಳಿಗೆ ನಾಲಿಗೆಯ ಅಂಚು ಬಿರಿದು ಉಪ್ಪು ತಾಗಿದರೂ ಜೀವ ಹೋಗುವಂತಾಯಿತು. ಪದ್ಯದ ಮೊದಲ ಮೂರು ಸಾಲು ಚೆನ್ನಾಗಿ ಬರುತ್ತಿತ್ತು. ಆರನೆಯ ಸಾಲಿಗೆ ಬರುವಾಗ ಸ್ವರ ಒಣಗಿದ ತೆಂಗಿನ ಗರಿಯ ಹಾಗೆ ಪರಪರ ಎನ್ನುತ್ತಿತ್ತು. ಕೇಳುವವರು ಮಳೆಗಾಲದ ಶೀತವೆಂದುಕೊಂಡರು.

ಕುಲನಾಶದ ಸಂಧಿ ಶುಕ್ರವಾರಕ್ಕೆ ಬಂತು. ಮಂದಿರ ತುಂಬಿತ್ತು. ಹಿರಿಯರಾದ ಸಂಕಪ್ಪ ಶೆಟ್ರು ಕಂಬಕ್ಕೆ ಒರಗಿ ಕೂತಿದ್ದರು. ಅವರ ಹೆಂಡತಿ ಉಮಾವತಿ ತಾಳ ಹಿಡಿದಿದ್ದಳು. ದುಗ್ಗಪ್ಪ ಆಟೋವನ್ನು ಗೇಟಿನ ಬಳಿ ನಿಲ್ಲಿಸಿ ಎಂದಿನಂತೆ ಬಾಗಿಲ ಪಕ್ಕದಲ್ಲಿ ಜಾಗ ಹಿಡಿದಿದ್ದ.

ಚಂಪಾ ಓದಿದಳು. ಶಾಪದಿಂದ ಹುಟ್ಟಿದ ಒನಕೆಯನ್ನು ಹೆದರಿ ಅರೆದು ಪುಡಿ ಮಾಡಿ ಕಡಲಿಗೆ ಚೆಲ್ಲಿದರು. ಆ ಪುಡಿ ತೆರೆಯೊಂದಿಗೆ ದಡಕ್ಕೆ ಬಂದು ಹುಲ್ಲಾಗಿ ಬೆಳೆಯಿತು. ಕುಲದವರು ದಡದಲ್ಲಿ ಸೇರಿದರು, ಮಾತಿಗೆ ಮಾತು ಬೆಳೆಯಿತು, ಆ ಹುಲ್ಲನ್ನೇ ಕಿತ್ತರು. ಕೈಗೆ ಬಂದ ಹುಲ್ಲು ಆಯುಧವಾಯಿತು. ಅಣ್ಣನಿಗೆ ತಮ್ಮನ ಗುರುತು ಸಿಗಲಿಲ್ಲ, ಮಗನಿಗೆ ಅಪ್ಪನ ಗುರುತು ಸಿಗಲಿಲ್ಲ.

ಅಲ್ಲಿ ಸ್ವರ ನಿಂತಿತು.

ಅವಳು ಬಾಯಿ ತೆರೆದಳು. ನಾಲಿಗೆ ಅಂಗುಳದಿಂದ ಬಿಡಲಿಲ್ಲ. ಬಿಡಿಸಿದರೆ ತುಟಿ ಹಲ್ಲಿಗೆ ಅಂಟಿತು. ಅಕ್ಷರಗಳು ಕಣ್ಣೆದುರು ಸ್ಪಷ್ಟವಾಗಿದ್ದವು, ಅರ್ಥ ತಲೆಯಲ್ಲಿತ್ತು, ರಾಗ ಗಂಟಲಲ್ಲಿತ್ತು. ಬಾಯಿ ಮಾತ್ರ ಬೇರೆ ಯಾರದ್ದೋ ಆಗಿತ್ತು. ಕೆನ್ನೆಯ ಸಿಪ್ಪೆಯನ್ನು ಹಲ್ಲಿನಿಂದ ಒತ್ತಿದಳು. ಮರದ ಚಕ್ಕೆ ಒತ್ತಿದ ಹಾಗಾಯಿತು. ತಾಳ ಎರಡು ಸಲ ಸುಮ್ಮನೆ ಬಡಿದು ನಿಂತಿತು.

"ದಾದ ಆಂಡ್ ಚಂಪಕ್ಕ?" ಉಮಾವತಿ ಮುಂದಕ್ಕೆ ಬಾಗಿದಳು. "ಏನಾಯ್ತು? ಯಾರಾದ್ರೂ ಸ್ವಲ್ಪ ನೀರು ಕೊಡಿ!"

"ಪುಸ್ತಕ ತೆರೆದುಂಟು," ಎಂದರು ಸಂಕಪ್ಪ ಶೆಟ್ರು. ಗದರಿಕೆಯ ಸ್ವರವಲ್ಲ. ಅವರ ಮುಖದಲ್ಲೂ ಹೆದರಿಕೆಯಿತ್ತು. "ಸ್ವಲ್ಪ ಸುಧಾರಿಸಿ ಚಂಪಾ. ಇನ್ನು ಹತ್ತಿಪ್ಪತ್ತು ಪದ್ಯ. ಹೇಗಾದ್ರೂ ದಾಟಿಸಿಬಿಡು."

ಅವಳು ಮತ್ತೆ ಪ್ರಯತ್ನಿಸಿದಳು. ಒಂದು ಶಬ್ದ ಬಂತು, ಅದು ಪದ್ಯದ ಶಬ್ದವಲ್ಲ.

ಬೇರೆ ಓದುವವರಿರಲಿಲ್ಲ. ಹುಡುಗರಿಗೆ ಕೀಬೋರ್ಡಿನಲ್ಲಿ ಭಜನೆ ಬರುತ್ತಿತ್ತು, ಈ ಹಳೆಯ ಅಕ್ಷರಗಳಲ್ಲಿ ನಾಲಿಗೆ ಹೊರಳುತ್ತಿರಲಿಲ್ಲ. ಮೊಬೈಲಿನಲ್ಲಿ ಯಾರಾದರೂ ಓದಿದ್ದನ್ನು ಹಾಕುವ ಎಂದು ಹಿಂದಿನಿಂದ ಒಬ್ಬ ಹೇಳಿದ. "ಹಾಗಾದ್ರೆ ಪ್ರಸಾದವನ್ನೂ ಮೊಬೈಲಿಂದಲೇ ತೆಕ್ಕೊ," ಎಂದ ದುಗ್ಗಪ್ಪ. ಯಾರೂ ನಗಲಿಲ್ಲ. ಕೊನೆಗೆ ಸಂಕಪ್ಪ ಶೆಟ್ರು ಎದ್ದು ಬಂದು, ನಿಂತ ಸಾಲಿನ ಮೇಲೆ ತುಳಸಿಯ ಎಸಳಿಟ್ಟು, ಪುಸ್ತಕ ಮುಚ್ಚಿದರು. ಮಂಗಳ ಹಾಡಲಿಲ್ಲ. ಜನ ಚಪ್ಪಲಿ ಹುಡುಕುವ ಸದ್ದು ಮಾತ್ರ ಕೇಳಿಸಿತು.

* * *

ಶನಿವಾರ ಬೆಳಿಗ್ಗೆ ಕನ್ನಡಿಯಲ್ಲಿ ಚಂಪಾ ತನ್ನ ಮುಖ ನೋಡಿ ಹಿಂದೆ ಸರಿದಳು. ಎಡಗಡೆಯ ಬಾವು ನಿಂಬೆಹಣ್ಣಿನಷ್ಟು ಎದ್ದು ಕಿವಿಯ ಹಾಲೆಯನ್ನು ಮೇಲಕ್ಕೆ ತಳ್ಳಿತ್ತು. ಮೈ ಸುಡುತ್ತಿತ್ತು.

ಬಂತು, ಎಂದುಕೊಂಡಳು. ಬೆನ್ನು ಹಿಡಿದು ಮನೆಗೇ ಬಂತು.

ಸಿಪ್ಪೆಯ ಸುಳ್ಳಿಗೆ ಶಿಕ್ಷೆಯೋ, ಅರ್ಧಕ್ಕೆ ಬಿಟ್ಟದ್ದಕ್ಕೋ ಅವಳಿಗೆ ತಿಳಿಯಲಿಲ್ಲ. ಗೋಡೆಯ ಮೇಲಿನ ಮಾವನ ಫೋಟೋದ ಕಡೆ ನೋಡಲು ಧೈರ್ಯ ಸಾಲಲಿಲ್ಲ. ದುಗ್ಗಪ್ಪ ಚಾ ಹಿಡಿದು ಬಂದವನು ಅವಳ ಕೆನ್ನೆ ಕಂಡು ಲೋಟವನ್ನು ಕಿಟಕಿಯ ಮೇಲಿಟ್ಟ.

"ಜೋಯಿಸರ ಹತ್ತಿರ ಒಮ್ಮೆ ಕೇಳಿಸುವನಾ?" ಎಂದ ಮೆಲ್ಲಗೆ.

"ಕೇಳಿಸಿ ಅಪ್ಪ, ಬೇಡ ಅನ್ನುದಿಲ್ಲ," ಪ್ರಣೀತಾ ಚೀಲ ಹೆಗಲಿಗೇರಿಸುತ್ತ ಬಂದಳು. "ಈಗ ಆಟೋ ಸ್ಟಾರ್ಟ್ ಮಾಡಿ. ಡಾಕ್ಟ್ರು ಫೋನ್ ಮಾಡಿದ್ರು. ರಕ್ತದ ರಿಪೋರ್ಟು ಬಂದಿದೆಯಂತೆ, ಕೂಡಲೇ ಬರ್ಲಿಕ್ಕೆ ಹೇಳಿದ್ದಾರೆ."

ದಾರಿಯುದ್ದಕ್ಕೂ ದುಗ್ಗಪ್ಪ ಹಾರ್ನ್ ಬಾರಿಸಲಿಲ್ಲ. ಬಾರಿಸದೆ ನಂತೂರು ದಾಟಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಡಾಕ್ಟರ್ ಸುಹೈಲಾ ಬೆರಳಿನಿಂದ ಬಾವನ್ನು ಮುಟ್ಟಿ ನೋಡಿದರು, ಚಮಚದಂಥ ಮರದ ಕಡ್ಡಿಯನ್ನು ನಾಲಿಗೆಯ ಮೇಲಿಟ್ಟರು. ಕಡ್ಡಿ ನಾಲಿಗೆಗೇ ಅಂಟಿತು. ಅವರು ಕುರ್ಚಿಗೆ ಒರಗಿ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟರು.

"ಚಂಪಕ್ಕ, ಒಂದು ನನಗೆ ಅರ್ಥ ಆಗುದಿಲ್ಲ. ರಕ್ತ ಹೇಳ್ತದೆ ನಿಮ್ಮ ಗ್ರಂಥಿಗಳ ಮೇಲೆ ನಿಮ್ಮ ಮೈಯೇ ಯುದ್ಧ ಹೂಡಿದೆ ಅಂತ. ಬಾಯಿ ನೋಡಿದ್ರೆ ಬೇಸಿಗೆಯ ಬಾವಿ. ಆದ್ರೆ ಅವತ್ತು ಕೊಳವೆ ತುಂಬ ಜೊಲ್ಲು. ಅದೂ ಕೆಂಪು. ವಸಡು ನೋಡಿದೆ, ಅಲ್ಲಿ ರಕ್ತ ಬರುವಂಥದ್ದು ಎಂತದೂ ಇಲ್ಲ."

ಚಂಪಾ ಮಗಳ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಇನ್ನು ಅಡಗಿಸಿಡಲು ಏನುಂಟು? ನಾಶ ಹೇಗೂ ಮುಖದ ಮೇಲೆ ಬಂದು ಕೂತಿದೆ.

"ಪುನರ್ಪುಳಿ ಡಾಕ್ಟ್ರೇ. ಸಿಪ್ಪೆ. ಕೆನ್ನೆಯಲ್ಲಿ ಇಟ್ಟುಕೊಂಡಿದ್ದೆ."

ಪ್ರಣೀತಾ ಕುರ್ಚಿಯಿಂದ ಎದ್ದೇ ಬಿಟ್ಟಳು.

"ಅಮ್ಮಾ!" ಎಂದಳು ಪ್ರಣೀತಾ. "ಪರೀಕ್ಷೆಯಲ್ಲಿ ಕಾಪಿ ಹೊಡೆದ್ರೆ ಚರ್ಮ ಸುಲೀತೇನೆ ಅಂತ ನನಗೆ ಹೇಳ್ತಾ ಇದ್ದವಳು ನೀನೇ ಅಲ್ವಾ?"

ಡಾಕ್ಟರಿಗೆ ನಗು ಬಂತು, ಬಂದದ್ದನ್ನು ನುಂಗಿಕೊಂಡರು. "ಇಪ್ಪತ್ತು ವರ್ಷದಲ್ಲಿ ಈ ಉಪಾಯ ನಾನು ನೋಡಿರಲಿಲ್ಲ. ಆದ್ರೆ ಚಂಪಕ್ಕ, ಅದರಿಂದ ಒಂದು ತಿಂಗಳು ಹೋಯ್ತು. ನಾನು ಕಲ್ಲು ಅಂದುಕೊಂಡೆ."

"ಇದೆಂತ ಕಾಯಿಲೆ?" ದುಗ್ಗಪ್ಪನ ಸ್ವರ ಸಣ್ಣದಾಗಿತ್ತು.

"ಶೋಗ್ರೆನ್ ಅಂತ ಹೆಸರು. ಬಾಯಿ, ಕಣ್ಣು ಒಣಗುವ ಕಾಯಿಲೆ. ಯಾಕೆ ಬರ್ತದೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ಆದ್ರೆ ಒಂದು ಸಂಗತಿ ಈಗೀಗ ಹೇಳ್ತಾರೆ." ಅವರು ಮೇಜಿನ ಮೇಲಿದ್ದ ಖಾಲಿ ಕಾಗದವೊಂದನ್ನು ತೆಗೆದು ಉದ್ದುದ್ದ ಹರಿಯತೊಡಗಿದರು. "ಗ್ರಂಥಿಯ ಪ್ರತಿಯೊಂದು ಕೋಶದ ಒಳಗೆ ಒಂದು ಕತ್ತರಿ ಉಂಟು ಅಂತ ಇಟ್ಟುಕೊಳ್ಳಿ. ಹಳತಾದ, ಹಾಳಾದ ಪ್ರೋಟೀನುಗಳನ್ನು ಅದು ತುಂಡು ತುಂಡು ಮಾಡ್ತದೆ. ಮನೆ ಗುಡಿಸಿದ ಹಾಗೆ, ಒಳ್ಳೆಯ ಕೆಲಸವೇ. ಆ ಚೂರುಗಳಲ್ಲಿ ಕೆಲವನ್ನು ಕೋಶ ತನ್ನ ಬಾಗಿಲಲ್ಲಿ ತೂಗಿ ಹಾಕ್ತದೆ. ಕಾವಲು ತಿರುಗುವ ಕೋಶಗಳು ಬಂದು ಅದನ್ನು ನೋಡಿ, ಸರಿ, ಇದು ನಮ್ಮವರ ಮನೆ ಅಂತ ಮುಂದೆ ಹೋಗ್ತವೆ."

ಅವರು ಇನ್ನೊಂದು ಕಾಗದ ತೆಗೆದು ಈ ಸಲ ಅಡ್ಡಡ್ಡ ಹರಿದರು.

"ಉರಿಯೂತ ಸುರುವಾದಾಗ ಈ ಕತ್ತರಿಯ ಅಲಗೇ ಬದಲಾಗ್ತದೆ. ಅದೇ ಪ್ರೋಟೀನು, ಆದ್ರೆ ಚೂರು ಬೇರೆ ಥರ ಬೀಳ್ತದೆ. ಬಾಗಿಲಲ್ಲಿ ಅದನ್ನು ನೋಡಿದ ಕಾವಲಿನವರಿಗೆ ಗುರುತು ಸಿಗುದಿಲ್ಲ. ಯಾರೋ ಹೊರಗಿನವರು ನುಗ್ಗಿದ್ದಾರೆ ಅಂತ ಮನೆಗೇ ಬೆಂಕಿ ಇಡ್ತಾರೆ. ಬೆಂಕಿ ಹೆಚ್ಚಾದಷ್ಟು ಕತ್ತರಿ ಇನ್ನೂ ಕೆಡ್ತದೆ, ಕತ್ತರಿ ಕೆಟ್ಟಷ್ಟು ಬೆಂಕಿ ಹೆಚ್ಚಾಗ್ತದೆ. ಹೀಗೆ ಇರಬಹುದು ಅಂತ ಅಂದಾಜು. ಪೂರ್ತಿ ಸಾಬೀತಾಗಿಲ್ಲ."

ಮೇಜಿನ ಮೇಲೆ ಎರಡು ಬಗೆಯ ಕಾಗದದ ಚೂರುಗಳು ಫ್ಯಾನಿನ ಗಾಳಿಗೆ ಬೆರೆತುಹೋದವು. ಚಂಪಾ ಅವುಗಳನ್ನೇ ನೋಡುತ್ತಿದ್ದಳು. ಅರೆದು ಪುಡಿ ಮಾಡಿ ಚೆಲ್ಲಿದ್ದು, ಮುಗಿಯಿತೆಂದು ಬಿಟ್ಟದ್ದು, ದಡಕ್ಕೆ ಬಂದು ಹುಲ್ಲಾದದ್ದು. ಅಣ್ಣನಿಗೆ ತಮ್ಮನ ಗುರುತು ಸಿಗದೆ ಹೋದದ್ದು. ನಿನ್ನೆ ಸಂಜೆ ತಾನು ಬಾಯಿಬಿಟ್ಟು ನಿಂತದ್ದು ಸರಿಯಾಗಿ ಆ ಸಾಲಿನಲ್ಲಿ. ಹಾಗಾದರೆ ತನ್ನ ಕೆನ್ನೆಯೊಳಗೆ ಈ ಹೊತ್ತಿಗೂ ಅದೇ ಸಂಧಿ ನಡೆಯುತ್ತಿದೆ. ನಿಲ್ಲಿಸುವವರಿಲ್ಲದೆ, ಮುಗಿಸುವವರಿಲ್ಲದೆ.

"ಅದು ಎಲ್ಲಿಯ ತನಕ ಹೋಗ್ತದೆ?" ಎಂದು ಕೇಳಿದಳು.

"ಔಷಧಿ ಕೊಟ್ಟು ತಗ್ಗಿಸಬಹುದು. ಆದ್ರೆ ಮೊದಲು ನನಗೆ ಖಾತ್ರಿ ಬೇಕು." ಡಾಕ್ಟರು ಮಾತನ್ನು ತೂಗಿ ಹೇಳಿದರು. "ಸೋಮವಾರ ಬೆಳಿಗ್ಗೆ ಕೆಳತುಟಿಯ ಒಳಗಡೆ ಸಣ್ಣ ಗಾಯ ಮಾಡಿ ಅಲ್ಲಿರುವ ಪುಟ್ಟ ಗ್ರಂಥಿಗಳನ್ನು ತೆಗೆದು ನೋಡುವ. ಈ ಬಾವಿನಿಂದ ಸೂಜಿಯಲ್ಲಿ ಸ್ವಲ್ಪ ತೆಗೆಯುವ. ಯಾಕಂದ್ರೆ ಕೆಲವರಿಗೆ, ತುಂಬ ಕಮ್ಮಿ ಜನಕ್ಕೆ, ಅಲ್ಲಿ ಸೇರಿದ ಕೋಶಗಳು ಕ್ಯಾನ್ಸರಿಗೆ ತಿರುಗುದುಂಟು. ನಿಮಗೆ ಹಾಗಾಗಿದೆ ಅಂತ ನಾನು ಹೇಳುದಿಲ್ಲ. ಇಲ್ಲ ಅಂತಲೂ ಈಗ ಹೇಳ್ಲಿಕ್ಕೆ ಆಗುದಿಲ್ಲ."

ದುಗ್ಗಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ.

"ತುಟಿ ಕೊಯ್ದ ಮೇಲೆ ಓದ್ಲಿಕ್ಕೆ ಬರ್ತದಾ?" ಚಂಪಾ ಕೇಳಿದಳು.

"ಅಮ್ಮ, ಅವರು ಎಂತ ಹೇಳ್ತಾ ಇದ್ದಾರೆ, ನೀನು ಎಂತ ಕೇಳ್ತಾ ಇದ್ದೀ?"

ಡಾಕ್ಟರು ಪ್ರಣೀತಾಳಿಗೆ ಕೈ ಎತ್ತಿ ತಡೆದರು. "ಕೆಲವು ದಿನ ಕಷ್ಟ ಆಗ್ತದೆ. ಕೆಲವರಿಗೆ ತುಟಿ ಸ್ವಲ್ಪ ಮರಗಟ್ಟಿದ ಹಾಗೆ ಉಳೀತದೆ. ಸಾಮಾನ್ಯವಾಗಿ ಸರಿಯಾಗ್ತದೆ. ಆದ್ರೆ ಇನ್ನು ಮೇಲೆ ಓದುವಾಗ, ಮಾತಾಡುವಾಗ ಗುಟುಕು ಗುಟುಕಾಗಿ ನೀರು ಕುಡೀತಾ ಇರ್ಬೇಕು. ನೀರಿಲ್ಲದೆ ಆಗುದಿಲ್ಲ, ಚಂಪಕ್ಕ. ಆ ಸಿಪ್ಪೆ ಇನ್ನು ಬೇಡ, ನಾಲಿಗೆ ಹುಣ್ಣಾಗಿದೆ."

ನೀರಿಲ್ಲದೆ ಆಗುವುದಿಲ್ಲ. ಪೀಠದಲ್ಲಿ ನೀರು ಆಗುವುದಿಲ್ಲ. ಮನೆ ತಲುಪುವ ತನಕ ಆ ಎರಡು ಮಾತು ಅವಳ ತಲೆಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು.

* * *

ಭಾನುವಾರ ಮಾತ್ರೆಗೆ ಜ್ವರ ಸ್ವಲ್ಪ ಇಳಿಯಿತು, ಹೆದರಿಕೆ ಇಳಿಯಲಿಲ್ಲ. ಅದಕ್ಕೆ ಈಗ ಎರಡು ಮುಖ. ಸೂಜಿಯ ತುದಿಯಲ್ಲಿ ಏನು ಬರುತ್ತದೋ ಎಂಬುದು ಒಂದು. ಆ ಸಂಧಿಯನ್ನು ಹಾಗೆಯೇ ಬಾಯಿ ತೆರೆದು ಬಿಟ್ಟು ಡಾಕ್ಟರ ಚಾಕುವಿನ ಕೆಳಗೆ ಮಲಗಬೇಕಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅವಳ ಕೈಯಲ್ಲಿ ಏನೂ ಇರಲಿಲ್ಲ. ಎರಡನೆಯದನ್ನು ನೆನೆದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾಳೆ ಈ ತುಟಿ ಹೇಗಿರುತ್ತದೋ ಯಾರು ಬಲ್ಲರು? ಇವತ್ತಿನ ತುಟಿ ಇವತ್ತು ಮಾತ್ರ ತನ್ನದು.

ಸಂಜೆ ಅವಳು ಮಿಂದು, ಮಡಿಸಿಟ್ಟ ಸೀರೆ ಉಟ್ಟಳು. ಅಡುಗೆಮನೆಯಿಂದ ಮುಚ್ಚಳವಿದ್ದ ತಂಬಿಗೆ, ಲೋಟ ತೆಗೆದುಕೊಂಡಳು. ಪ್ರಣೀತಾ ತಡೆಯಲು ಬಂದವಳು ತಾಯಿಯ ಮುಖ ನೋಡಿ ತಂಬಿಗೆಯನ್ನು ತಾನೇ ಹಿಡಿದುಕೊಂಡಳು.

ಮಂದಿರದಲ್ಲಿ ಶುಕ್ರವಾರದ ಅರ್ಧ ಜನವೂ ಇರಲಿಲ್ಲ. ಅರ್ಧಕ್ಕೆ ನಿಂತ ಸಂಧಿಯ ಸುದ್ದಿ ಊರಿಡೀ ಹಬ್ಬಿ, ಮಕ್ಕಳಿರುವವರು ಮಕ್ಕಳನ್ನು ಕಳಿಸಿರಲಿಲ್ಲ. ಇದ್ದವರು ಅವಳ ಕೆನ್ನೆ ನೋಡಿ ಕಣ್ಣು ತಗ್ಗಿಸಿದರು. ಚಂಪಾ ನೇರ ಸಂಕಪ್ಪ ಶೆಟ್ರ ಮುಂದೆ ಹೋಗಿ ನಿಂತಳು.

"ಅಣ್ಣ, ಸಂಧಿ ಮುಗಿಸ್ತೇನೆ. ಆದ್ರೆ ನೀರು ಇಟ್ಟುಕೊಂಡು ಓದ್ತೇನೆ."

ಶೆಟ್ರ ಕಣ್ಣು ತಂಬಿಗೆಯ ಮೇಲೆ ಬಿತ್ತು. "ನಿನ್ನ ಮಾವನೇ ನಡೆಸಿಕೊಂಡು ಬಂದ ಕ್ರಮ ಚಂಪಾ ಅದು. ಅವರಿಗೆ ಎಂಬತ್ತು ದಾಟಿದಾಗ ಕೂಡ ಒಂದು ಹನಿ ಮುಟ್ಟಿದವರಲ್ಲ. ಎಂಜಲು ಬಾಯಿ, ಎಂಜಲು ಕೈ ಪುಸ್ತಕಕ್ಕೆ ಆಗುದಿಲ್ಲ. ಈಗಾಗಲೇ ಒಂದು ತಪ್ಪಾಗಿದೆ. ಅದರ ಮೇಲೆ ಇನ್ನೊಂದು ಬೇಡ."

"ನನ್ನ ಬಾಯಲ್ಲಿ ಎಂಜಲೇ ಇಲ್ಲ ಅಣ್ಣ."

ಶೆಟ್ರಿಗೆ ಅರ್ಥವಾಗಲಿಲ್ಲ. ಅವಳು ಸ್ವರ ಏರಿಸದೆ ಹೇಳಿದಳು, ಪ್ರತಿ ಮಾತಿಗೂ ನಾಲಿಗೆಯನ್ನು ಅಂಗುಳದಿಂದ ಬಿಡಿಸಿಕೊಳ್ಳುತ್ತ.

"ಬಾಯಲ್ಲಿ ನೀರು ಊರುವ ಜಾಗವೆಲ್ಲ ಒಣಗಿದೆ. ನನ್ನ ಮೈಯೇ ಅದನ್ನು ಹೊರಗಿನದ್ದು ಅಂತ ಎಣಿಸಿ ಸುಡ್ತಾ ಉಂಟಂತೆ. ಡಾಕ್ಟ್ರು ಕಡ್ಡಿ ಇಟ್ಟರೆ ಕಡ್ಡಿ ಅಂಟಿತು. ಜೊಲ್ಲು ಇಲ್ಲದ ಬಾಯಿಗೆ ಎಂಜಲು ಎಲ್ಲಿಂದ ಬರಬೇಕು? ಲೋಟಕ್ಕೆ ತಾಗಿದ್ರೂ ಒಣ ತುಟಿ ತಾಗ್ತದೆ ಅಷ್ಟೇ. ಇಷ್ಟು ದಿನ ಸಿಪ್ಪೆ ಇಟ್ಟು ಮೋಸ ಮಾಡಿದೆ. ದೇವರಿಗೂ ಮಾಡಿದೆ, ಡಾಕ್ಟ್ರಿಗೂ ಮಾಡಿದೆ. ಇನ್ನು ಆಗುದಿಲ್ಲ. ನಾಳೆ ತುಟಿ ಕೊಯ್ತಾರೆ. ಈ ಬಾವಿನಲ್ಲಿ ಎಂತ ಉಂಟು ಅಂತ ಗೊತ್ತಿಲ್ಲ. ನನಗೆ ಹೆದರಿಕೆ ಆಗ್ತದೆ ಅಣ್ಣ. ಆ ಹೆದರಿಕೆಯ ಒಟ್ಟಿಗೆ ಈ ಸಂಧಿಯನ್ನೂ ಹೊತ್ತುಕೊಂಡು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ."

ಸಂಕಪ್ಪ ಶೆಟ್ರು ದೇವರ ಪಟದ ಕಡೆ ನೋಡಿದರು.

"ಎಂತ ನೋಡುದು?" ಉಮಾವತಿ ತಾಳ ಕೆಳಗಿಟ್ಟು ಎದ್ದಳು. "ನಿಮಗೆ ಸಕ್ಕರೆ ಕಾಯಿಲೆ ಅಂತ ಶನಿವಾರದ ಉಪವಾಸದಲ್ಲಿ ಎರಡು ಇಡ್ಲಿ ತಿನ್ನುವಾಗ ದೇವರು ಎಂತ ಹೇಳಿದ್ರು? ಅದನ್ನೇ ಇವಳಿಗೂ ಹೇಳ್ತಾರೆ."

ಶೆಟ್ರ ಮುಖ ಕೆಂಪಾಯಿತು. ಅವರು ಎದ್ದು ಪೀಠದ ಬಳಿ ಹೋದರು. ಪುಸ್ತಕ ಬಿಚ್ಚಿ, ಬಾಡಿದ ತುಳಸಿಯ ಎಸಳನ್ನು ಹಾಳೆಯಿಂದ ಎತ್ತಿ ಕಣ್ಣಿಗೊತ್ತಿಕೊಂಡರು.

"ಹಾಳೆ ನಾನು ಮಗುಚ್ತೇನೆ," ಎಂದರು. "ನಿನ್ನ ಕೈ ಲೋಟದಲ್ಲೇ ಇರ್ಲಿ. ಕೂತ್ಕೊ."

ಚಂಪಾ ಮಣೆಯ ಮೇಲೆ ಕೂತಳು. ಲೋಟ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಇಷ್ಟು ವರ್ಷ ಮಾಡದ್ದನ್ನು ಮಾಡುತ್ತಿದ್ದೇನೆ. ಇದರ ಫಲ ನಾಳೆಯ ಸೂಜಿಯಲ್ಲಿ ಬಂದರೆ? ನುಂಗಿದಳು. ಗುರುತು ಸಿಗದೆ ಹೋದ ಸಾಲಿಗೆ ಬೆರಳಿಡದೆ ಕಣ್ಣಿಟ್ಟಳು. ಓದಿದಳು.

ಮಗ ತಂದೆಯನ್ನು ಹೊಡೆದ. ಗುಟುಕು ನೀರು. ಗೆಳೆಯ ಗೆಳೆಯನನ್ನು ಹೊಡೆದ. ಗುಟುಕು ನೀರು. ಮೊದಲೆಲ್ಲ ಈ ಪದ್ಯಗಳನ್ನು ಅವಳು ಬೇಗ ಬೇಗ ದಾಟಿಸುತ್ತಿದ್ದಳು, ಸ್ಮಶಾನದ ಪಕ್ಕ ನಡೆದು ಹೋಗುವವರ ಹಾಗೆ. ಇವತ್ತು ಬೇಗ ಓದಲು ಬಾಯಿ ಬಿಡಲಿಲ್ಲ. ಪ್ರತಿ ಹೆಸರನ್ನೂ ನಿಧಾನ ಹೇಳಬೇಕಾಯಿತು. ಬೀಳುವವರ ಹೆಸರಿನ ಜೊತೆಗೆ ಹೊಡೆಯುವವರ ಹೆಸರೂ ಬಾಯಲ್ಲಿ ನಿಂತಿತು. ಅವರೂ ತನ್ನವರೇ. ಕಾವಲಿಗೆಂದು ನಿಂತವರು, ಗುರುತು ತಪ್ಪಿದವರು. ಕೆನ್ನೆಯ ಬಾವು ಪದ್ಯದ ಲಯಕ್ಕೆ ಮಿಡಿಯುತ್ತಿತ್ತು. ಅದನ್ನು ಶಪಿಸಲು ಅವಳಿಗೆ ಮನಸ್ಸಾಗಲಿಲ್ಲ. ಸಾಕು, ನಿಲ್ಲಿಸಿ, ಎಂದು ಒಳಗೊಳಗೇ ಬೇಡಿಕೊಳ್ಳುತ್ತ ಮುಂದೆ ಹೋದಳು. ಸಂಕಪ್ಪ ಶೆಟ್ರು ಹಾಳೆ ಮಗುಚಿದರು.

ಒಮ್ಮೆ ಸ್ವರ ಪೂರ್ತಿ ಒಡೆಯಿತು. ಬಾಗಿಲ ಪಕ್ಕದಿಂದ ದುಗ್ಗಪ್ಪ ಎದ್ದೇ ನಿಂತ. ಅವಳು ಲೋಟ ಎತ್ತಿದಳು. ಕೇಳುವವರಿಗೆ ಗುಟುಕು ಇಳಿಯುವ ಸದ್ದು ಕೇಳಿಸಿತು. ಒಡೆದ ಸಾಲನ್ನೇ ಮೊದಲಿನಿಂದ ಹಿಡಿದಳು.

ಶುಭದ ಪದ್ಯ ಬಂದಾಗ ಹೊರಗೆ ಕತ್ತಲಾಗಿತ್ತು. ಆರು ಸಾಲುಗಳನ್ನೂ ಅವಳು ಓದಿದಳು. ಮಾವ ಓದಿದಷ್ಟು ಚೆನ್ನಾಗಿ ಅಲ್ಲ, ಹೋದ ವರ್ಷ ತಾನೇ ಓದಿದಷ್ಟೂ ಚೆನ್ನಾಗಿ ಅಲ್ಲ. ಆದರೆ ಕೊನೆಯ ಅಕ್ಷರದ ತನಕ ಓದಿದಳು. ಉಮಾವತಿ ಮಂಗಳ ಎತ್ತಿಕೊಂಡಳು, ಇದ್ದ ಜನ ಅಗತ್ಯಕ್ಕಿಂತ ಗಟ್ಟಿಯಾಗಿ ಜೊತೆಗೂಡಿದರು.

"ನಾಳೆಗೆ ಎಂತ ಮಾಡುದು?" ಪುಸ್ತಕ ಕಟ್ಟುತ್ತ ಸಂಕಪ್ಪ ಶೆಟ್ರು ಕೇಳಿದರು.

"ನಾಳೆ ಬಾಯಿ ಡಾಕ್ಟ್ರ ಕೈಯಲ್ಲಿ ಅಣ್ಣ. ಭಜನೆ ಮಾಡ್ತಾ ಇರಿ."

"ಪೀಠ ಖಾಲಿ ಇಡ್ತೇವೆ," ಎಂದರು ಅವರು. ಪುಸ್ತಕದ ಗಂಟು ಬಿಗಿದು ಮತ್ತೊಂದು ಸಲ ಹೇಳಿದರು, "ಎಷ್ಟು ದಿನ ಆದ್ರೂ ಖಾಲಿ ಇಡ್ತೇವೆ."

ಆಟೋದಲ್ಲಿ ಪ್ರಣೀತಾ ತಾಯಿಗೆ ತಾಗಿಕೊಂಡು ಕೂತಳು. ಏನೂ ತಮಾಷೆ ಮಾಡಲಿಲ್ಲ. ಅವಳೂ ಹೆದರಿದ್ದಾಳೆಂದು ಚಂಪಾಳಿಗೆ ಅದರಿಂದಲೇ ತಿಳಿಯಿತು. ನಾಳೆಯ ಸೂಜಿ ಅಲ್ಲೇ ಇತ್ತು, ಅದರ ತುದಿಯಲ್ಲಿ ಬರುವುದು ಅಲ್ಲೇ ಇತ್ತು, ಯಾವ ಪದ್ಯಕ್ಕೂ ಅದು ಹಿಂದೆ ಸರಿದಿರಲಿಲ್ಲ. ಅವಳು ನಾಲಿಗೆಯ ತುದಿಯಿಂದ ಕೆಳತುಟಿಯ ಒಳಬದಿಯನ್ನು ಮೆಲ್ಲಗೆ ತಡವಿದಳು. ಬೆಳಿಗ್ಗೆ ಕೊಯ್ಯುವ ಜಾಗ. ಕೊನೆಯ ಗುಟುಕಿನ ತೇವ ಅಲ್ಲಿ ಇನ್ನೂ ಉಳಿದಿತ್ತು. ಅದು ಆರುವುದರೊಳಗೆ, ಮುಂದಿನ ಸಂಧಿಯ ಮೊದಲ ಪದ್ಯವನ್ನು ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳತೊಡಗಿದಳು.